ರೀಲ್ ಕಳಿಸಿದ ಮೇಲೆ ಮಾತು ಎಲ್ಲಿ ನಿಂತುಹೋಗುತ್ತದೆ?

ವಿಎಫ್‌ಎಕ್ಸ್ (ಸಿನಿಮಾದ ದೃಶ್ಯ ಪರಿಣಾಮ) ಸ್ಟುಡಿಯೊಗಳಿಂದ ‘ನೀವು ಬೇಡ’ ಅಂತ ಮೇಲ್ ಬರುವುದು ಅಪರೂಪ. ನಾವು ರೀಲ್, ಅಂದರೆ ನಮ್ಮ ಕೆಲಸದ ಮಾದರಿಗಳನ್ನು ಜೋಡಿಸಿದ ಚಿಕ್ಕ ವಿಡಿಯೊ, ಕಳಿಸುತ್ತೇವೆ; ಅವರು ಸುಮ್ಮನಿರುತ್ತಾರೆ. ಬೆಂಗಳೂರಿನಲ್ಲಿ ರೋಟೊ (ಶಾಟಿನಲ್ಲಿರುವ ವ್ಯಕ್ತಿ, ವಸ್ತುವನ್ನು ಅಂಚಿಗೆ ಗೆರೆ ಎಳೆದು ಬೇರ್ಪಡಿಸುವುದು), ಕಂಪ್ (ಬೇರೆ ಬೇರೆ ಚಿತ್ರಗಳನ್ನು ಒಂದೇ ಶಾಟಾಗಿ ಬೆಸೆಯುವುದು) ಕೆಲಸ ಹುಡುಕುವಾಗ ನನಗೆ ಉಪಯೋಗಕ್ಕೆ ಬಂದದ್ದು ಈ ಮೌನವನ್ನು ಬಿಡಿಸಿ ನೋಡುವ ಅಭ್ಯಾಸ. ರೀಲನ್ನೇ ತೆರೆದಿಲ್ಲವೋ, ನೋಡಿಯೂ ಕರೆದಿಲ್ಲವೋ, ಮಾದರಿ ಕೆಲಸ ಕೊಟ್ಟು ಟೆಸ್ಟ್ ತೆಗೆದುಕೊಂಡ ಮೇಲೆ ಸುಮ್ಮನಾದರೋ? ಒಂದೊಂದಕ್ಕೂ ಮದ್ದು ಬೇರೆ. ಇದು ಗೊತ್ತಾಗದೆ ಎಷ್ಟೋ ಜನ ಚೆನ್ನಾಗಿರುವ ರೀಲನ್ನೇ ಹತ್ತು ಸಲ ಕತ್ತರಿಸಿ ಹಾಳು ಮಾಡಿಕೊಳ್ಳುತ್ತಾರೆ.

ಪತ್ತೆ ಹಚ್ಚುವುದು ಸುಲಭ. ಒಂದೇ ವಿಡಿಯೊವನ್ನು ಯೂಟ್ಯೂಬ್‌ಗೆ ನಾಲ್ಕೈದು ಸಲ ಅನ್‌ಲಿಸ್ಟೆಡ್ ಆಗಿ ಏರಿಸಿ, ಐದೈದು ಸ್ಟುಡಿಯೊಗೆ ಒಂದೊಂದು ಲಿಂಕ್ ಕೊಡುತ್ತಿದ್ದೆ. ಯಾವ ಲಿಂಕ್ ಯಾರಿಗೆ, ಯಾವ ದಿನ ಎಂಬುದಕ್ಕೆ ಒಂದು ಎಕ್ಸೆಲ್ ಶೀಟ್. ಎರಡು ವಾರವಾದರೂ ನೋಡಿದವರ ಎಣಿಕೆ ಸೊನ್ನೆಯಲ್ಲೇ ಇದ್ದರೆ ತಪ್ಪು ರೀಲಿನದಲ್ಲ, ಮೇಲ್‌ನದು. ಸಾಮಾನ್ಯವಾಗಿ ಸಬ್ಜೆಕ್ಟ್ ಲೈನ್‌ನಲ್ಲಿ ವಿಭಾಗದ ಹೆಸರೇ ಇರುವುದಿಲ್ಲ. ‘ವಿಎಫ್‌ಎಕ್ಸ್ ಆರ್ಟಿಸ್ಟ್’ ಅಂದರೆ ಎಚ್‌ಆರ್‌ಗೆ ಏನೂ ತಿಳಿಯದು. ‘ರೋಟೊ ಆರ್ಟಿಸ್ಟ್, ಬೆಂಗಳೂರು, ತಕ್ಷಣ ಸೇರಬಲ್ಲೆ’ ಅಂದರೆ ಯಾವ ಲೀಡ್‌ಗೆ (ತಂಡದ ಮುಂದಾಳಿಗೆ) ದಾಟಿಸಬೇಕೆಂದು ಗೊತ್ತಾಗುತ್ತದೆ. ರೀಲನ್ನು 200 ಎಂಬಿ ಫೈಲಾಗಿ ಅಂಟಿಸುವುದು, ಅನುಮತಿ ಕೇಳುವ ಡ್ರೈವ್ ಲಿಂಕ್ ಕೊಡುವುದು, ಎರಡೂ ಕೆಲಸ ಕೆಡಿಸುತ್ತವೆ. ಲಿಂಕನ್ನು ಮೊದಲು ಲಾಗಿನ್ ಆಗಿರದ ಬೇರೆಯವರ ಫೋನಿನಲ್ಲಿ ತೆರೆದು ನೋಡಿ.

ನೋಡಿದ್ದಾರೆ, ಕರೆದಿಲ್ಲ ಅಂದರೆ ತೊಂದರೆ ರೀಲಿನೊಳಗೇ ಇದೆ. ಹೊಸಬರ ರೀಲ್‌ಗೆ 60ರಿಂದ 75 ಸೆಕೆಂಡ್ ಸಾಕು, ನಾಲ್ಕೈದು ಶಾಟ್. ಆರನೆಯದು ಸಾಧಾರಣವಾಗಿದ್ದರೆ ಅದು ಉಳಿದ ಐದನ್ನೂ ಕೆಳಗೆಳೆಯುತ್ತದೆ. ಒಳ್ಳೆಯ ಶಾಟ್ ಮೊದಲೇ ಬರಲಿ. ಹಾರಿಬರುವ ಹೆಸರು, ಹೊಗೆ, ಗುಡುಗಿನ ಸದ್ದು ಬೇಡ. ಎರಡು ಸೆಕೆಂಡಿನ ಸ್ಲೇಟ್‌ನಲ್ಲಿ ಹೆಸರು, ವಿಭಾಗ, ಫೋನ್. ಕೊನೆಯಲ್ಲಿ ಅದೇ ಸ್ಲೇಟ್ ಮತ್ತೊಮ್ಮೆ. ಪ್ರತಿ ಶಾಟ್‌ನ ಮೂಲೆಯಲ್ಲಿ ನೀವು ಮಾಡಿದ್ದೇನು ಎಂಬುದು ಇರಲೇಬೇಕು: ‘ರೋಟೊ ಮಾತ್ರ’, ‘ಕೀಯಿಂಗ್ ಮತ್ತು ಕಂಪ್; ಸಿಜಿ ನನ್ನದಲ್ಲ’ (ಕೀಯಿಂಗ್ ಅಂದರೆ ಹಸಿರು ಪರದೆಯನ್ನು ತೆಗೆಯುವುದು, ಸಿಜಿ ಅಂದರೆ ಕಂಪ್ಯೂಟರಿನಲ್ಲಿ ಮಾಡಿದ ಚಿತ್ರ). ಇದನ್ನು ಮುಚ್ಚಿಟ್ಟರೆ ಸಂದರ್ಶನದ ಮೂರನೇ ಪ್ರಶ್ನೆಗೇ ಬಣ್ಣ ಬಯಲಾಗುತ್ತದೆ.

ಪ್ಲೇಟ್, ಅಂದರೆ ನಾವು ಕೆಲಸ ಮಾಡುವ ಮೂಲ ಶೂಟಿಂಗ್ ತುಣುಕು, ಎಲ್ಲಿಂದ ತರುವುದು? ಇನ್‌ಸ್ಟಿಟ್ಯೂಟ್ ಕೊಡುವ ಪ್ಲೇಟ್ ಇಡೀ ಬ್ಯಾಚಿನ ರೀಲಿನಲ್ಲಿ ಇರುತ್ತದೆ, ನೋಡುವವರಿಗೆ ಅದು ಬಾಯಿಪಾಠ. ಉಚಿತ 3ಡಿ ಸಾಫ್ಟ್‌ವೇರ್ ಬ್ಲೆಂಡರ್‌ನ ಹಿಂದಿರುವ ಬ್ಲೆಂಡರ್ ಫೌಂಡೇಶನ್ 2012ರ ತನ್ನ ‘ಟಿಯರ್ಸ್ ಆಫ್ ಸ್ಟೀಲ್’ ಕಿರುಚಿತ್ರದ ಮೂಲ ಫುಟೇಜನ್ನೇ ಇಎಕ್ಸ್‌ಆರ್ (ಉತ್ತಮ ಗುಣಮಟ್ಟದ ಚಿತ್ರಫೈಲ್) ಫ್ರೇಮ್‌ಗಳಾಗಿ ಮುಕ್ತ ಪರವಾನಗಿಯಲ್ಲಿ ಬಿಟ್ಟಿದೆ. ಹೆಸರು ಸೂಚಿಸಿ ಬಳಸಬಹುದು. ಅದರಲ್ಲಿ ಹಸಿರು ಪರದೆಯ ಶಾಟ್‌ಗಳಿವೆ. ಆದರೆ ಎಲ್ಲರೂ ಆರಿಸುವ ಕ್ಲೋಸಪ್ ಬಿಟ್ಟು, ಕೂದಲು ಅಲುಗುವ ಅಥವಾ ಕ್ಯಾಮೆರಾ ಜರುಗುವ ಶಾಟ್ ತೆಗೆದುಕೊಳ್ಳಿ. ಒಂದೆರಡು ಶಾಟ್ ಸ್ವಂತದ್ದಿರಲಿ: ಫೋನಿನಲ್ಲಿ ಫ್ರೇಮ್ ರೇಟ್, ಎಕ್ಸ್‌ಪೋಷರ್, ವೈಟ್ ಬ್ಯಾಲೆನ್ಸ್ ಲಾಕ್ ಮಾಡಿ, ಮಲ್ಲೇಶ್ವರದ ಫುಟ್‌ಪಾತಿನಲ್ಲಿ ಸ್ನೇಹಿತನನ್ನು ನಡೆಸಿದರೆ ಒಳ್ಳೆಯ ರೋಟೊ ಪ್ಲೇಟ್ ಸಿಗುತ್ತದೆ. ಹಿಂದಿನ ಕಂಪನಿಯ ಶಾಟ್ ಬಿಡುಗಡೆಯಾಗಿದ್ದರೂ ಲಿಖಿತ ಅನುಮತಿ ಇಲ್ಲದೆ ಹಾಕಬೇಡಿ.

ರೋಟೊದಲ್ಲಿ ಲೀಡ್ ಮೊದಲು ನೋಡುವುದು ಅಂಚು ಕುದಿಯುತ್ತಿದೆಯೇ, ಅಂದರೆ ಫ್ರೇಮಿನಿಂದ ಫ್ರೇಮಿಗೆ ನಡುಗುತ್ತಿದೆಯೇ ಎಂದು. ಪ್ರತಿ ಫ್ರೇಮಿಗೂ ಕೀ ಹಾಕಿದರೆ (ಗೆರೆಯ ಜಾಗವನ್ನು ಕೈಯಿಂದಲೇ ಗುರುತಿಸಿದರೆ) ಅಂಚು ಕುದಿಯದೆ ಇರದು. ನಡೆಯುವ ಮನುಷ್ಯನನ್ನು ಒಂದೇ ಶೇಪಿನಲ್ಲಿ ಸುತ್ತಬಾರದು: ತಲೆ, ಕುತ್ತಿಗೆ, ಎದೆ, ಮೇಲ್ತೋಳು, ಮುಂಗೈ, ಹಸ್ತ, ತೊಡೆ, ಮೀನಖಂಡ, ಪಾದ ಎಲ್ಲ ಬೇರೆ ಬೇರೆ; ಕೀಲುಗಳಲ್ಲಿ ಒಂದರ ಮೇಲೊಂದು ಸ್ವಲ್ಪ ಏರಿರಬೇಕು. ಕಡಿಮೆ ಪಾಯಿಂಟ್ ಇಡಿ. ಚಲನೆ ಶುರುವಾಗುವ, ತಿರುಗುವ, ನಿಲ್ಲುವ ಫ್ರೇಮ್‌ಗಳಿಗೆ ಮೊದಲು ಕೀ, ಆಮೇಲೆ ಎರಡರ ನಡುಮಧ್ಯಕ್ಕೆ, ಇನ್ನೂ ಜಾರುತ್ತಿದ್ದರೆ ಅದರ ಅರ್ಧಕ್ಕೆ. ಕೈ ಬೀಸಿ ಮಸುಕಾದ ಕಡೆ ಶೇಪಿನ ಗೆರೆ ಮಸುಕಿನ ನಡುವೆ ಹೋಗಬೇಕು, ಮಸುಕನ್ನು ಮೋಷನ್ ಬ್ಲರ್ ಕೊಡುತ್ತದೆ. ಮುಗಿದ ಮೇಲೆ ಮ್ಯಾಟ್ (ಬೇರ್ಪಡಿಸಿದ ಆಕಾರದ ಕಪ್ಪು-ಬಿಳುಪು ಚಿತ್ರ) ಒಂದನ್ನೇ 200 ಪರ್ಸೆಂಟ್‌ಗೆ ಹಿಗ್ಗಿಸಿ, ನಿಜವಾದ ವೇಗದಲ್ಲಿ ಓಡಿಸಿ ನೋಡಿ. ಕಂಪ್‌ನಲ್ಲಾದರೆ ವ್ಯೂವರಿನ ಗಾಮಾ (ಚಿತ್ರದ ನಡುಬೆಳಕು) ಏರಿಸಿ ಇಳಿಸಿ: ಸೇರಿಸಿದ ವಸ್ತುವಿನ ಕಪ್ಪು ಪ್ಲೇಟಿನ ಕಪ್ಪಿಗೆ ಕೂಡದಿದ್ದರೆ ಆಗ ಎದ್ದು ಕಾಣುತ್ತದೆ. ಗ್ರೇನ್ (ಪ್ಲೇಟಿನಲ್ಲಿ ಕಾಣುವ ಸಣ್ಣ ಕಣಗಳು) ಮರೆತವರ ರೀಲಂತೂ ನೂರರ ನಡುವೆಯೂ ಗುರುತು ಸಿಗುತ್ತದೆ.

ಕಂಪ್ ಸಾಫ್ಟ್‌ವೇರ್ ನ್ಯೂಕ್‌ನ ಉಚಿತ ನಾನ್-ಕಮರ್ಷಿಯಲ್ ಆವೃತ್ತಿ ರೀಲ್‌ಗೆ ಸಾಕು; ಔಟ್‌ಪುಟ್ 1920×1080ಕ್ಕೆ ನಿಲ್ಲುತ್ತದೆ, ಎಂಪಿ4 ವಿಡಿಯೊಗೆ ಬಳಸುವ ಎಚ್.264 ನೇರವಾಗಿ ಬರೆಯದು. ಫ್ರೇಮ್‌ಗಳಾಗಿ ರೆಂಡರ್ ಮಾಡಿ ಡಾವಿಂಚಿ ರಿಸಾಲ್ವ್ ಎಂಬ ಎಡಿಟಿಂಗ್ ಸಾಫ್ಟ್‌ವೇರಿನಲ್ಲಿ ಎಂಪಿ4 ಮಾಡಿಕೊಳ್ಳಬೇಕು. ನಿಜವಾದ ಹೊಂಡ ಇರುವುದು ಟೆಸ್ಟ್‌ನಲ್ಲಿ. ಆ ಆವೃತ್ತಿಯ ಸ್ಕ್ರಿಪ್ಟ್ (ಕೆಲಸದ ಹಂತಗಳನ್ನು ಉಳಿಸಿದ ಫೈಲ್) ಸ್ಟುಡಿಯೊದ ಕಮರ್ಷಿಯಲ್ ನ್ಯೂಕ್‌ನಲ್ಲಿ ತೆರೆಯುವುದಿಲ್ಲ. ಸ್ಕ್ರಿಪ್ಟ್ ಕೂಡ ಬೇಕೋ, ಫ್ರೇಮ್‌ಗಳು ಸಾಕೋ ಎಂದು ಪ್ಲೇಟ್ ಕೈಗೆ ಬಂದ ದಿನವೇ ಕೇಳಿ.

ಟೆಸ್ಟ್ ಕೊಟ್ಟ ಮೇಲಿನ ಮೌನಕ್ಕೆ ಕಾರಣ ಎಷ್ಟೋ ಸಲ ಕಲೆಯಲ್ಲ, ಶಿಸ್ತು. ಪ್ಲೇಟಿನ ಫ್ರೇಮ್ ಸಂಖ್ಯೆ 1001ರಿಂದ ಶುರುವಾಗಿದ್ದರೆ ನಿಮ್ಮ ಮ್ಯಾಟ್ ಕೂಡ 1001ರಿಂದಲೇ ಶುರುವಾಗಬೇಕು. 1ರಿಂದ ಬರೆದು ಕಳಿಸಿದರೆ ಲೀಡ್‌ನ ಪರದೆಯ ಮೇಲೆ ಪ್ಲೇಟೇ ಒಂದು ಕಡೆ, ಮ್ಯಾಟೇ ಒಂದು ಕಡೆ. ರೆಸಲ್ಯೂಶನ್, ಫೈಲ್ ಹೆಸರು, ಬಿಟ್ ಡೆಪ್ತ್ ಹೇಳಿದಂತೆಯೇ ಇರಲಿ. ಎಷ್ಟು ಗಂಟೆ ಹಿಡಿಯಿತು ಎಂಬುದನ್ನೂ ನಿಜವಾಗಿ ಬರೆಯಿರಿ: ಶಾಟ್‌ಗಳನ್ನು ಅಲ್ಲಿ ಮ್ಯಾನ್‌ಡೇ (ಒಬ್ಬರ ಒಂದು ದಿನದ ದುಡಿಮೆ) ಲೆಕ್ಕದಲ್ಲೇ ಹಂಚುತ್ತಾರೆ. ಹಾಗೆಯೇ, ಒಂದೇ ಶಾಟನ್ನು ತುಂಡು ಮಾಡಿ ಬೇರೆ ಬೇರೆ ಅಭ್ಯರ್ಥಿಗಳಿಗೆ ಕೊಟ್ಟು ‘ನಾಳೆ ಬೆಳಿಗ್ಗೆಗೆ ಬೇಕೇ ಬೇಕು’ ಅಂದರೆ ಅದು ಟೆಸ್ಟ್ ಅಲ್ಲ, ಪುಕ್ಕಟೆ ಕೆಲಸ. ಕೆಲಸ ಕೊಡಲು ಡೆಪಾಸಿಟ್ ಕೇಳಿದ ಕಡೆಗೆ ಹೋಗಲೇಬೇಡಿ.

ಎಲ್ಲ ಸರಿಯಿದ್ದೂ ಯಾರೂ ಕರೆಯದ ಕಾಲವೂ ಇರುತ್ತದೆ. 2023ರ ಮೇ 2ರಿಂದ ಹಾಲಿವುಡ್ ಬರಹಗಾರರು, ಜುಲೈ 14ರಿಂದ ನಟರು ಮುಷ್ಕರ ಹೂಡಿದರು. ಕೊನೆಯದು ಮುಗಿದದ್ದು ನವೆಂಬರ್ 9ಕ್ಕೆ. ಅಲ್ಲಿಯ ಚಿತ್ರಗಳ ಕೆಲಸ ಇಲ್ಲಿಗೂ ಬರುತ್ತದೆ; ಅಲ್ಲಿ ಶೂಟಿಂಗ್ ನಿಂತರೆ ಇಲ್ಲಿಯ ರೋಟೊ, ಪೇಂಟ್ (ಶಾಟಿನಲ್ಲಿ ಬೇಡದ್ದನ್ನು ಅಳಿಸುವ ಕೆಲಸ) ಮೇಜುಗಳಿಗೆ ಬಿಸಿ ತಟ್ಟುವುದು ತಿಂಗಳುಗಳ ಮೇಲೆ. 2025ರ ಫೆಬ್ರುವರಿಯಲ್ಲಿ ದೊಡ್ಡ ವಿಎಫ್‌ಎಕ್ಸ್ ಕಂಪನಿಗಳ ಟೆಕ್ನಿಕಲರ್ ಸಮೂಹ ಕುಸಿದು ಬೆಂಗಳೂರಿನ ಕಚೇರಿ ಮುಚ್ಚಿದಾಗ, ಅನುಭವಿಗಳೇ ಸಾಲುಗಟ್ಟಿ ಮಾರುಕಟ್ಟೆಗೆ ಬಂದರು. ಇಂಥ ಹೊತ್ತಿನಲ್ಲಿ ರೀಲನ್ನು ತಿದ್ದಿ ಫಲವಿಲ್ಲ. ಹೊಸ ಪ್ರಾಜೆಕ್ಟ್ ಬಂದ ಸುದ್ದಿ ಕೇಳಿದ ವಾರ ಹಳೆಯ ಮೇಲ್‌ಗೇ ಎರಡು ಸಾಲು ಸೇರಿಸಿ ಮತ್ತೆ ಕಳಿಸುವುದು ಮೇಲು. ಅಷ್ಟರವರೆಗೆ ಕನ್ನಡ ಸಿನಿಮಾ, ಧಾರಾವಾಹಿ, ಜಾಹೀರಾತಿನ ವೈರ್ ತೆಗೆಯುವ, ಸ್ಕ್ರೀನ್ ಬದಲಿಸುವ ಚಿಕ್ಕ ಕೆಲಸಗಳಿರುತ್ತವೆ. ಮುಂಗಡ ಅರ್ಧ ಹಣ, ಉಚಿತ ತಿದ್ದುಪಡಿ ಎರಡು ಸುತ್ತು ಅಂತ ವಾಟ್ಸಾಪಿನಲ್ಲಾದರೂ ಬರೆಸಿಕೊಳ್ಳಿ.

ಆಫರ್ ಬಂದಾಗ, ಇಷ್ಟು ಕಾಲ ಕೆಲಸ ಬಿಡುವುದಿಲ್ಲ ಎಂಬ ಬಾಂಡ್ ಕಾಗದವನ್ನು ಪೂರ್ತಿ ಓದಿ. ‘ಬಾಂಡ್ ಕೋರ್ಟಿನಲ್ಲಿ ನಿಲ್ಲಲ್ಲ ಬಿಡು ಮಾರಾಯ’ ಅನ್ನುವ ಸೀನಿಯರ್‌ಗಳ ಮಾತು ನಂಬಬೇಡಿ: ಮೂರು ವರ್ಷಕ್ಕೆ ಮೊದಲೇ ಬಿಟ್ಟರೆ 2 ಲಕ್ಷ ರೂಪಾಯಿ ಕೊಡಬೇಕೆಂಬ ಬ್ಯಾಂಕೊಂದರ ಷರತ್ತನ್ನು ಸುಪ್ರೀಂ ಕೋರ್ಟ್ 2025ರ ಮೇ ತಿಂಗಳಲ್ಲಿ ಎತ್ತಿಹಿಡಿದಿದೆ. ಎಷ್ಟು ಮೊತ್ತ, ಎಷ್ಟು ತಿಂಗಳು, ಅವರೇ ಕೆಲಸದಿಂದ ತೆಗೆದರೆ ಏನು ಎಂಬ ಮೂರನ್ನು ಕಾಗದದಲ್ಲಿ ಹುಡುಕಿ. ಮೂಲ ಅಂಕಪಟ್ಟಿ ಕೇಳಿದರೆ ತೋರಿಸಿ ವಾಪಸ್ ತನ್ನಿ, ಜೆರಾಕ್ಸ್ ಮಾತ್ರ ಬಿಟ್ಟು ಬನ್ನಿ.