ಹೊಸ ಮನೆಗೆ ಯುರೋಪಿನ ಶಾಸ್ತ್ರೀಯ ಶೈಲಿ: ಕಂಬದ ಅಳತೆಯಿಂದ ಆರಂಭಿಸಿ

ನಮ್ಮ ನಗರಗಳ ಹೊಸ ಬಡಾವಣೆಗಳಲ್ಲಿ ರೋಮನ್ ಕಂಬಗಳಿರುವ ಮನೆಗಳು ಅಲ್ಲಲ್ಲಿ ಕಾಣಸಿಗುತ್ತವೆ. ಆದರೆ 1868ರಲ್ಲಿ ಪೂರ್ಣಗೊಂಡ ಬೆಂಗಳೂರಿನ ಅಠಾರಾ ಕಚೇರಿಯ ಅಥವಾ 1921ರಲ್ಲಿ ಅಡಿಗಲ್ಲು ಬಿದ್ದ ಮೈಸೂರಿನ ಲಲಿತ ಮಹಲ್‌ನ ಸುರುಳಿ ತಲೆಯ ಅಯೋನಿಕ್ ಕಂಬಗಳಿಗಿರುವ ಗಾಂಭೀರ್ಯ ಅವುಗಳಲ್ಲಿ ಅನೇಕಕ್ಕೆ ಬರುವುದಿಲ್ಲ. ಈ ಶೈಲಿಯ ಜೀವಾಳ ಅನುಪಾತ. ಹೂಬಳ್ಳಿಯ ಕೆತ್ತನೆ ಆಮೇಲಿನ ಮಾತು.

ಮೊದಲು ಇಡೀ ಮನೆಗೆ ಒಂದೇ ಬಗೆಯ ಕಂಬವನ್ನು ಆಯ್ದುಕೊಳ್ಳಿ. ಆಧುನಿಕ ಮನೆಯ ಸರಳ ಗೋಡೆಗಳಿಗೆ ಸರಳ ತಲೆಯ ಟಸ್ಕನ್ ಅಥವಾ ಡೋರಿಕ್ ಕಂಬ ಹೊಂದುತ್ತದೆ; ಎಲೆಗೊಂಚಲಿನ ಕೊರಿಂಥಿಯನ್ ಕಂಬ ಸಣ್ಣ ಮನೆಗೆ ಭಾರ ಎಂಬುದು ನನ್ನ ಖಚಿತ ಅಭಿಪ್ರಾಯ. 16ನೇ ಶತಮಾನದ ಇಟಲಿಯ ವಾಸ್ತುಶಿಲ್ಪಿ ವಿನ್ಯೋಲಾನ ಸೂತ್ರದಂತೆ ಡೋರಿಕ್ ಕಂಬದ ಎತ್ತರ ಬುಡದ ವ್ಯಾಸದ 8 ಪಟ್ಟು, ಅದರ ಮೇಲಿನ ತೊಲೆಪಟ್ಟಿಯ ಎತ್ತರ ಕಂಬದ ಕಾಲುಭಾಗ. ಪೋರ್ಟಿಕೊ, ಅಂದರೆ ಕಂಬಗಳ ಮುಖಮಂಟಪ, 10 ಅಡಿ ಎತ್ತರವಿದ್ದರೆ ಕಂಬಕ್ಕೆ 8 ಅಡಿ, ತೊಲೆಪಟ್ಟಿಗೆ 2 ಅಡಿ ಸಲ್ಲುತ್ತದೆ. ಬುಡದ ವ್ಯಾಸ 12 ಇಂಚಾಗುತ್ತದೆ. ಕೆಳಗಿನ ಮೂರನೇ ಒಂದು ಭಾಗ ಒಂದೇ ದಪ್ಪವಿದ್ದು, ಅಲ್ಲಿಂದ ಮೇಲೆ ಕ್ರಮೇಣ ಸಣ್ಣದಾಗುತ್ತ ತುದಿಯಲ್ಲಿ ಸುಮಾರು 10 ಇಂಚಿಗೆ ಬರಬೇಕು.

ತೊಡಕು ಹುಟ್ಟುವುದು ಇಲ್ಲಿಯೇ. 9 × 12 ಇಂಚಿನ ಆರ್‌ಸಿಸಿ ಪಿಲ್ಲರ್‌ನ ಕರ್ಣವೇ 15 ಇಂಚಿರುವುದರಿಂದ, ಅದನ್ನು ಮರೆಮಾಡಲು ಗಾರೆಯವರು 18 ಇಂಚಿನ ದುಂಡು ಕಂಬ ಕಟ್ಟುತ್ತಾರೆ. ಆಗ 8 ಅಡಿಯ ಕಂಬ ವ್ಯಾಸದ ಐದೂಕಾಲು ಪಟ್ಟಿಗಿಂತ ತುಸು ಮಾತ್ರ ಹೆಚ್ಚು ಎತ್ತರವಿದ್ದು ಮೊಂಡಾಗಿ ಕಾಣುತ್ತದೆ. ಆದ್ದರಿಂದ ತಳಪಾಯದ ನಕ್ಷೆ ಅಂತಿಮವಾಗುವ ಮೊದಲೇ ಕಂಬದ ಅಳತೆಯನ್ನು ಸ್ಟ್ರಕ್ಚರಲ್ ಎಂಜಿನಿಯರ್ ಮುಂದಿಡಿ. ಪಿಲ್ಲರನ್ನು ದುಂಡಗೆ ಎರಕ ಹೊಯ್ಯಬಹುದೇ, ಭಾರವನ್ನು ಹಿಂದಿನ ಗೋಡೆಯ ಪಿಲ್ಲರ್‌ಗಳಿಗೆ ವರ್ಗಾಯಿಸಬಹುದೇ ಎಂಬುದನ್ನು ಅವರೇ ನಿರ್ಧರಿಸಬೇಕು.

ನಂತರ ಎಡಬಲಗಳ ಸಮತೋಲನ. ಇಟಲಿಯ ವಿಚೆಂಜಾ ಬಳಿ ಅದೇ ಶತಮಾನದ ವಾಸ್ತುಶಿಲ್ಪಿ ಪಲ್ಲಾಡಿಯೊ ಕಟ್ಟಿದ ವಿಲ್ಲಾ ರೊಟೊಂಡಾ ಎಂಬ ಮನೆಗೆ ನಾಲ್ಕೂ ಕಡೆ ಒಂದೇ ಬಗೆಯ ಮುಖಮಂಟಪವಿದೆ. 30 × 40ರ ನಿವೇಶನದಲ್ಲಿ ಕಾರು ನಿಲ್ಲಿಸುವ ಜಾಗವೇ ಒಂದು ಬದಿಯನ್ನು ನುಂಗುವುದರಿಂದ ಇಡೀ ಮುಂಭಾಗವನ್ನು ಸಮಗೊಳಿಸಲು ಹೆಣಗಬೇಡಿ; ಬಾಗಿಲನ್ನು ನಡುವೆ ಇಟ್ಟುಕೊಂಡು ಪೋರ್ಟಿಕೊದಷ್ಟು ಭಾಗವನ್ನು ಮಾತ್ರ ಸಮವಾಗಿಸಿ. ಅಗಲವಾದ ಸ್ಲೈಡಿಂಗ್ ಕಿಟಕಿಯ ಬದಲು ಎರಡೂವರೆ ಅಡಿ ಅಗಲ, 5 ಅಡಿ ಎತ್ತರದ ಕಿಟಕಿಗಳನ್ನು ಜೋಡಿಯಾಗಿ ಇಡಿ. ದೊಡ್ಡ ಗಾಜಿನ ಗೋಡೆಯ ಆಸೆಯಿದ್ದರೆ ಅದಕ್ಕೆ ಹಿತ್ತಲ ಕಡೆ ಅವಕಾಶವಿದೆ. ಒಳಗಿನ ಅಡುಗೆಮನೆ, ಹಾಲ್ ನಿಮ್ಮ ಅನುಕೂಲದಂತೆ ಇರಲಿ.

ಸಾಮಗ್ರಿಗೆ ಅಮೃತಶಿಲೆಯೇ ಬೇಕಿಲ್ಲ. ಪಲ್ಲಾಡಿಯೊ ಸಹ ಅನೇಕ ಕಂಬಗಳನ್ನು ಇಟ್ಟಿಗೆಯಲ್ಲಿ ಕಟ್ಟಿ ಗಾರೆ ಬಳಿಸಿದ್ದನು. ಆದರೆ ಪ್ಲಾಸ್ಟರ್ ಆಫ್ ಪ್ಯಾರಿಸ್ (ಪಿಒಪಿ) ಅನ್ನು ಹೊರಗೋಡೆಗೆ ಬಳಸಬೇಡಿ, ಅದು ಮಳೆಗೆ ನಿಲ್ಲುವುದಿಲ್ಲ. ಸಿಮೆಂಟ್ ಗಾರೆ ಅಥವಾ ಗಾಜಿನ ಎಳೆ ಬೆರೆಸಿದ ಹಗುರ ಕಾಂಕ್ರೀಟಾದ ಜಿಆರ್‌ಸಿ ಸೂಕ್ತ. ಸೂರಿನಂಚಿನ ಕಾರ್ನಿಸ್ ಗೋಡೆಯ ಮೇಲೆ ನೀರು ಇಳಿಯದಂತೆ ತಡೆಯುವ ಭಾಗವಾದ್ದರಿಂದ ಅದನ್ನು ಸಜ್ಜಾದಂತೆ ಹೊರಚಾಚಿ, ಮೇಲ್ಭಾಗಕ್ಕೆ ಹೊರಗಡೆ ಇಳಿಜಾರು ಕೊಡಿಸಿ, ತಳದಲ್ಲಿ ನೀರು ತೊಟ್ಟಿಕ್ಕಲು ಒಂದು ಗೀರು ಬಿಡಿಸಿ. ಅದರ ಅಂಚಿನ ಆಕಾರವನ್ನು ಆರ್ಕಿಟೆಕ್ಟ್‌ರಿಂದ ನಿಜ ಅಳತೆಯಲ್ಲೇ ಬರೆಸಿ, ತಗಡಿನಲ್ಲಿ ಕತ್ತರಿಸಿದ ಅಚ್ಚನ್ನು ಮೇಸ್ತ್ರಿಗೆ ಕೊಟ್ಟರೆ, ಹಸಿ ಗಾರೆಯ ಮೇಲೆ ಅದನ್ನು ಎಳೆದು ಮನೆಯ ಸುತ್ತಲೂ ಒಂದೇ ಗೆರೆಯನ್ನು ಅವರು ತರಬಲ್ಲರು.