ಫ್ರಿಜ್ ಗ್ಯಾಸ್ ಲೀಕ್: ನಾನೇ ಮಾಡಿಕೊಂಡ ಡಿಟೆಕ್ಟರ್

ದಾವಣಗೆರೆಯಲ್ಲಿ ಫ್ರಿಜ್ ರಿಪೇರಿ ಮಾಡುವ ನಾನು ಬಹುಕಾಲ ಅಂಗಡಿಯಲ್ಲಿ ಕೊಂಡ ಡಿಟೆಕ್ಟರಿನಲ್ಲೇ ಗ್ಯಾಸ್ ಲೀಕ್ ಹುಡುಕುತ್ತಿದ್ದೆ. ಆರ್-22, ಆರ್-134ಎ ಎಂಬ ತಂಪು ಮಾಡುವ ಅನಿಲಗಳನ್ನು ತುಂಬಿದ ಯಂತ್ರಗಳಿಗೆ ಅದು ಸಾಕಾಗುತ್ತಿತ್ತು. ಈಗಿನ ಅನೇಕ ಫ್ರಿಜ್‌ಗಳಲ್ಲಿರುವುದು ಆರ್-600ಎ, ಅಂದರೆ ಐಸೊಬ್ಯುಟೇನ್. ಅದರಲ್ಲಿ ಕ್ಲೋರಿನ್ ಆಗಲಿ ಫ್ಲೋರಿನ್ ಆಗಲಿ ಇಲ್ಲದ ಕಾರಣ ಅವುಗಳನ್ನೇ ಹುಡುಕುವ ಉಪಕರಣ ಸದ್ದು ಮಾಡುವುದಿಲ್ಲ. ಕ್ಲೋರಿನ್ ತಗುಲಿದರೆ ಜ್ವಾಲೆ ಹಸಿರಾಗುವ ಹಳೆಯ ಹ್ಯಾಲೈಡ್ ಟಾರ್ಚನ್ನಂತೂ ಈ ಉರಿಯುವ ಅನಿಲದ ಹತ್ತಿರ ತರಲೇಬಾರದು.

ಆದ್ದರಿಂದ ಎಲ್‌ಪಿಜಿ ಗುರುತಿಸುವ ಎಂಕ್ಯೂ-6 ಸೆನ್ಸರನ್ನು ಆರ್ಡುಯಿನೊ ಎಂಬ, ಪ್ರೋಗ್ರಾಂ ಬರೆದು ನಡೆಸುವ ಪುಟ್ಟ ಎಲೆಕ್ಟ್ರಾನಿಕ್ ಬೋರ್ಡಿಗೆ ಜೋಡಿಸಿ, ಬಜರ್ ಹಾಕಿ, ನಾನೇ ಒಂದು ಡಿಟೆಕ್ಟರ್ ಮಾಡಿಕೊಂಡೆ. ಸೆನ್ಸರಿನ ತವರದ ಆಕ್ಸೈಡ್ ಪದರವನ್ನು 5 ವೋಲ್ಟಿನ ಹೀಟರ್ ಕಾಯಿಸುತ್ತದೆ. ಐಸೊಬ್ಯುಟೇನ್ ತಗುಲಿದೊಡನೆ ಆ ಪದರದ ವಿದ್ಯುತ್ ರೋಧ ಇಳಿಯುತ್ತದೆ. ಅದು ಚೆನ್ನಾಗಿ ಕಾಯುವ ಮೊದಲು ತೋರಿಸುವ ಅಂಕಿಯನ್ನು ನಾನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ.

ಕಳೆದ ಬೇಸಿಗೆಯಲ್ಲಿ ಒಂದು ದೋಸೆ ಹೋಟೆಲಿನವರು ಬೆಣ್ಣೆ ಇಡುವ ಫ್ರಿಜ್ ತಂಪಾಗುತ್ತಿಲ್ಲವೆಂದು ಕರೆದರು. ಅಡುಗೆಮನೆಗೆ ಕಾಲಿಟ್ಟ ಕೂಡಲೇ ಬಜರ್ ಕೂಗಿತು. ಒಲೆಯ ಗ್ಯಾಸ್ ಕೂಡ ಪ್ರೊಪೇನ್ ಮತ್ತು ಬ್ಯುಟೇನ್‌ಗಳ ಮಿಶ್ರಣವಾದ್ದರಿಂದ ಈ ಸೆನ್ಸರಿಗೆ ಎರಡರ ನಡುವೆ ಭೇದ ತಿಳಿಯದು. ಯಜಮಾನರನ್ನು ಕೇಳಿಕೊಂಡು ಫ್ರಿಜ್ಜನ್ನು ಹಿತ್ತಲಿನ ಗಾಳಿಯಾಡುವ ಜಾಗಕ್ಕೆ ಸಾಗಿಸಿದೆ.

ಇಲ್ಲಿ ಗಮನಿಸಬೇಕಾದ ಮುಖ್ಯ ಸಂಗತಿಯೊಂದಿದೆ. ಐಸೊಬ್ಯುಟೇನ್ ವಾತಾವರಣದ ಒತ್ತಡದಲ್ಲಿ ಸುಮಾರು -12 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕುದಿಯುತ್ತದೆ. ಫ್ರೀಜರಿನ ಕೊಳವೆ ಅದಕ್ಕಿಂತಲೂ ತಣ್ಣಗಿರುವುದರಿಂದ, ಕಂಪ್ರೆಸರ್ ಓಡುತ್ತಿರುವಾಗ ಹೀರುವ ಕಡೆಯ ಒತ್ತಡ ಹೊರಗಿನ ಗಾಳಿಯದಕ್ಕಿಂತ ಕಡಿಮೆಯಾಗಿರುತ್ತದೆ, ಮತ್ತು ಆ ಭಾಗದಲ್ಲಿ ರಂಧ್ರವಿದ್ದರೆ ಗ್ಯಾಸ್ ಹೊರಬರುವ ಬದಲು ಗಾಳಿಯೇ ಒಳಗೆ ಹೋಗುತ್ತದೆ. ಹೀಗಾಗಿ ಫ್ರಿಜ್ ಆಫ್ ಮಾಡಿ, ಕಂಪ್ರೆಸರಿನ ಎರಡೂ ಕಡೆಯ ಒತ್ತಡ ಸಮನಾಗುವವರೆಗೆ ಕಾದೆ. ಈ ಅನಿಲ ಗಾಳಿಗಿಂತ ಎರಡು ಪಟ್ಟು ಭಾರವಾದ್ದರಿಂದ ಸೆನ್ಸರನ್ನು ಪ್ರತಿ ಬೆಸುಗೆಯ ಕೆಳಬದಿಯಲ್ಲಿ ಬಹಳ ನಿಧಾನವಾಗಿ ಸರಿಸಿದೆ. ಕಂಪ್ರೆಸರಿಗೆ ಸೇರುವ ಸಕ್ಷನ್ (ಹೀರುವ) ಪೈಪಿನ ಬೆಸುಗೆಯ ಬಳಿ ಬಜರ್ ಕೂಗಿತು. ಅಲ್ಲಿ ಎಣ್ಣೆ ಜಿನುಗಿ ಧೂಳು ಕಪ್ಪಗೆ ಮೆತ್ತಿಕೊಂಡಿತ್ತು. ಒರೆಸಿ, ಬ್ರಷ್ಷಿನಿಂದ ಸೋಪಿನ ನೀರು ಹಚ್ಚಿದಾಗ ಬೆಸುಗೆಯ ಒಂದೇ ಬದಿಯಲ್ಲಿ ಸಾಸಿವೆಯಷ್ಟು ಸಣ್ಣ ಗುಳ್ಳೆಗಳು ಒಂದರ ಹಿಂದೊಂದು ಎದ್ದವು. ಬಜರ್ ಜಾಗವನ್ನು ಸೂಚಿಸುತ್ತದೆ ಅಷ್ಟೆ. ಗುಳ್ಳೆ ಕಾಣದೆ ನಾನು ಪೈಪಿಗೆ ಕೈ ಹಾಕುವುದಿಲ್ಲ.

ಗ್ಯಾಸ್ ಪೂರ್ತಿ ಖಾಲಿಯಾಗಿದ್ದರೆ ಒಣ ನೈಟ್ರೋಜನ್ ತುಂಬಿ ಸೋಪಿನ ನೀರಿನಿಂದಲೇ ಪರೀಕ್ಷಿಸಬೇಕು. ಆಮ್ಲಜನಕ ತುಂಬಿದರೆ ಕಂಪ್ರೆಸರಿನ ಎಣ್ಣೆಯೊಡನೆ ಸೇರಿ ಸ್ಫೋಟವಾಗಬಹುದು. ಆ ಫ್ರಿಜ್ಜಿನಲ್ಲಿ ಉಳಿದಿದ್ದ ಗ್ಯಾಸನ್ನು ಬಯಲಿನಲ್ಲಿ ಬಿಟ್ಟು, ನೈಟ್ರೋಜನ್ ಹಾಯಿಸಿ, ಡಿಟೆಕ್ಟರ್ ಸದ್ದು ಮಾಡುವುದಿಲ್ಲವೆಂದು ಖಾತ್ರಿಯಾದ ಮೇಲೆಯೇ ಬೆಸುಗೆ ಹಾಕುವ ಬ್ರೇಜಿಂಗ್ ಟಾರ್ಚ್ ಹೊತ್ತಿಸಿದೆ.