ಮಲಾವಿಯ ಹಳ್ಳಿ ಮಕ್ಕಳ ಜತೆ ಬೆರೆಯುವುದು ಹೇಗೆ?

ಕ್ರೈಸ್ತ ಮಿಷನ್ ತಂಡದೊಂದಿಗೆ ಆಫ್ರಿಕಾದ ಮಲಾವಿಗೆ ಹೊರಟವರು ಹಳ್ಳಿ ತಲುಪಿದ ತಕ್ಷಣ ಮಕ್ಕಳತ್ತ ಓಡಬೇಡಿ. ಸ್ಥಳೀಯ ಪಾಸ್ಟರ್ ಜತೆ ಮೊದಲು ಊರ ಮುಖ್ಯಸ್ಥರನ್ನು ಕಂಡು ಒಪ್ಪಿಗೆ ಪಡೆಯಿರಿ. ಹಿರಿಯರನ್ನು ಅಲ್ಲಿನ ಚಿಚೇವಾ ಭಾಷೆಯಲ್ಲಿ ‘ಮುಲಿ ಬ್ವಾಂಜಿ’ (ಹೇಗಿದ್ದೀರಿ?) ಎಂದು ಮಾತಾಡಿಸಿ. ದೊಡ್ಡವರು ನಕ್ಕರೆ ಮಕ್ಕಳು ತಾವಾಗಿಯೇ ಹತ್ತಿರ ಬರುತ್ತಾರೆ.

ಆಟಕ್ಕೆ ನಮ್ಮ ಅಳಗುಳಿಮಣೆಯೇ ಸಾಕು. ಅಲ್ಲಿನ ಬಾವೊ ಅದೇ ಜಾತಿಯ ಆಟ: ನಾಲ್ಕು ಸಾಲು, ಸಾಲಿಗೆ 8 ಗುಳಿ, 64 ಬೀಜ. ನೆರಳಲ್ಲಿ ಕೂತು ನೆಲದಲ್ಲೇ 7 ಗುಳಿಗಳ ಎರಡು ಸಾಲು ತೋಡಿ. ಗುಳಿಗೆ 4ರಂತೆ 56 ಕಲ್ಲು ಬೇಕು; ಮಕ್ಕಳೇ ಆರಿಸಿ ತರಲಿ. ಇಬ್ಬರು ಆಡಲಿ, ಉಳಿದವರು ಎಣಿಸಲಿ. ಒಂದು ಸುತ್ತು ಮುಗಿದ ಮೇಲೆ ಅವರ ಆಟ ಹೇಳಿಕೊಡಲು ಕೇಳಿ. ಕಲಿಸುವ ಸರದಿ ತಮ್ಮದಾದಾಗಲೇ ಅವರ ನಾಚಿಕೆ ಬಿಡುವುದು. ಪುಟಾಣಿಗಳು ಕಲ್ಲನ್ನು ಬಾಯಿಗೆ ಹಾಕಿಕೊಳ್ಳುತ್ತವೆ, ಒಂದು ಕಣ್ಣಿಟ್ಟಿರಿ.

ಮಿಠಾಯಿ ಹಂಚಲೇಬೇಡಿ. 20 ತಂದರೆ 40 ಮಕ್ಕಳು ಸೇರುತ್ತಾರೆ, ದೊಡ್ಡವರು ಚಿಕ್ಕವರನ್ನು ತಳ್ಳುತ್ತಾರೆ, ಮರುದಿನ ಆಟ ಮರೆತು ಕೈ ಚಾಚುತ್ತಾರೆ. ಪುಸ್ತಕ, ಪೆನ್ಸಿಲ್ ಇದ್ದರೆ ಶಾಲೆಯ ಮೇಷ್ಟ್ರಿಗೆ ಒಪ್ಪಿಸಿ. ಉಡುಗೊರೆಗೂ ಪ್ರಾರ್ಥನೆಗೂ ಗಂಟು ಹಾಕುವುದು ಸುವಾರ್ತೆಗೇ ಮಾಡುವ ಅನ್ಯಾಯ.

ಯಾವ ಮಗುವಿನೊಂದಿಗೂ ಒಬ್ಬರೇ ಇರಬೇಡಿ. ಹೆತ್ತವರು ಒಪ್ಪದೆ ಫೋಟೊ ಬೇಡ. ಹೊರಡುವ ದಿನವನ್ನು ಮೊದಲೇ ತಿಳಿಸಿ; ಖಾತ್ರಿಯಿಲ್ಲದೆ ‘ಮತ್ತೆ ಬರ್ತೀವಿ’ ಎಂದು ಮಾತು ಕೊಡಬೇಡಿ.